ಬಾರದ ಕೊನೇ ರೀಲು

ಅಜ್ಜಿಗೂ ಅವ್ವನಿಗೂ ಜಗಳವಾಡೋಕೆ ಬೇರೆ ಕಾರಣವೇ ಬೇಕಿರಲಿಲ್ಲ, ಆ ಒಂದು ಹಳೇ ಪತ್ತೇದಾರಿ ಸಿನಿಮಾ ಸಾಕಾಗಿತ್ತು. ಬಾವಿಗೆ ಬಿದ್ದು ಸತ್ತ ಹೆಂಡತಿಯನ್ನು ಗಂಡನೇ ತಳ್ಳಿದನೋ, ಅವಳೇ ಕಾಲು ಜಾರಿ ಬಿದ್ದಳೋ ಅನ್ನೋದು ಅದರ ಕತೆ. "ಅವ್ನೇ ತಳ್ಳಿದ್ದು" ಅನ್ನುವವಳು ಅವ್ವ. "ಜಾರಿ ಬಿದ್ಲು ಕಣೆ, ಸುಮ್ಕಿರು" ಅನ್ನುವವಳು ಅಜ್ಜಿ. ಕ್ಯಾತನಹಳ್ಳಿಯಿಂದ ಅಜ್ಜಿ ಪಾಂಡವಪುರದ ನಮ್ಮನೆಗೆ ಬಂದು ಅವರೆಕಾಯಿ ಸುಲಿಯೋಕೆ ಕೂತಳೆಂದರೆ ಶುರು. ಮೊರದಲ್ಲಿನ ಕಾಯಿ ಮುಗಿಯುವ ಹೊತ್ತಿಗೆ ಇಬ್ಬರ ಮುಖವೂ ಗಂಟಿಕ್ಕಿರುತ್ತಿತ್ತು. ನಂಗೆ ಮೈಯೆಲ್ಲ ಉರಿಯೋದು. ಮಂಜು ಮುಸುಕಿದ ಒಂದು ಬಂಗ್ಲೆ, ಉದ್ದ ಕೋಟು ಹಾಕ್ಕೊಂಡು ಸಿಗರೇಟು ಸೇದುವ ಒಬ್ಬ ಪತ್ತೇದಾರ. ಅಷ್ಟಕ್ಕೆ ಇಷ್ಟು ರಂಪವೇ?

ಇಬ್ಬರೂ ಆ ಸಿನಿಮಾದ ಕೊನೆಯನ್ನು ನೋಡೇ ಇರಲಿಲ್ಲ, ಕೇಳಿ. ಅವ್ವನಿಗೆ ಇನ್ನೂ ಮದುವೆಯಾಗದ ಕಾಲ ಅದು. ಅವಳು, ಅವಳ ಅಕ್ಕ, ಅಂದರೆ ನನ್ನ ದೊಡ್ಡವ್ವ, ಮತ್ತೆ ಅಜ್ಜಿ, ಮೂವರೂ ಪಾಂಡವಪುರದ ಟೆಂಟ್ ಸಿನಿಮಾಕ್ಕೆ ಹೋಗಿದ್ದರಂತೆ. ಶ್ರೀರಂಗಪಟ್ಟಣದ ಟೆಂಟಿಗೂ ನಮ್ಮೂರ ಟೆಂಟಿಗೂ ಸೇರಿ ಒಂದೇ ಪ್ರಿಂಟು. ಅಲ್ಲಿ ಓಡಿ ಮುಗಿದ ರೀಲನ್ನು ಒಬ್ಬ ಸೈಕಲ್ಲು ತುಳಿದುಕೊಂಡು ಬಂದು ಇಲ್ಲಿ ಕೊಡಬೇಕು. ಅವತ್ತು ಆ ಪುಣ್ಯಾತ್ಮನಿಗೆ ಏನಾಯಿತೋ, ಕೊನೇ ರೀಲು ಬರಲೇ ಇಲ್ಲ. ಜನ ಶಿಳ್ಳೆ ಹಾಕಿದರು, ಬಾಯಿಗೆ ಬಂದಂಗೆ ಬೈದರು, ಕಡೆಗೆ ಸೀರೆ ಪಂಚೆಯ ಮಣ್ಣು ಕೊಡವಿಕೊಂಡು ಎದ್ದು ಹೋದರು.

ಕ್ಯಾತನಹಳ್ಳಿ ಮುಟ್ಟುವ ಗಂಟ ದಾರಿಯಲ್ಲಿ ಅದೇ ವಾದ. ಅವತ್ತು ಸಿನಿಮಾದ ಗಂಡನ ಮೇಲೆ ಹರಿಹಾಯ್ದವಳು ಅಜ್ಜಿ! "ಅವ್ನೇ ತಳ್ಳಿರದು. ಆ ಬಡ್ಡಿಮಗನ ಕಣ್ಣು ನೋಡುದ್ರೆ ಗೊತ್ತಾಗಕಿಲ್ವ?" ದೊಡ್ಡವ್ವ ನಕ್ಕಳಂತೆ. "ಅಷ್ಟ್ ಚೆಂದಾಗವ್ನೆ, ಅವ್ನ್ಯಾಕವ್ವ ತಳ್ತಾನೆ? ಪಾಪ, ಅವ್ಳೇ ಜಾರಿ ಬಿದ್ದಿರ್ತಾಳೆ."

ಆಮೇಲೆ ದೊಡ್ಡವ್ವನನ್ನು ನಾಗಮಂಗಲದ ಕಡೆ ಕೊಟ್ಟರು. ಒಂದು ವರ್ಷ ಗೌರಿ ಹಬ್ಬಕ್ಕೆ ತವರಿಗೆ ಬಂದವಳು, ಹಬ್ಬ ಕಳೆದರೂ ಹೊರಡುವ ಮಾತೇ ಎತ್ತಲಿಲ್ಲ. ತಲೆಗೆ ನೀರು ಹಾಕುವಾಗ ಅವಳ ಬೆನ್ನಿನ ಬಾಸುಂಡೆಗಳನ್ನು ಅವ್ವ ನೋಡಿದ್ದಳು, ಅಜ್ಜಿಗೆ ಹೇಳಿಯೂ ಇದ್ದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುವ ಕಾಲ. ಅಜ್ಜಿ ಮಗಳಿಗೆ ಮಡಿಲು ತುಂಬಿ ಬಸ್ಸು ಹತ್ತಿಸಿದಳು. ದೀಪಾವಳಿಗೆ ಮುಂಚೆಯೇ ಸುದ್ದಿ ಬಂತು. ಹಿತ್ತಲ ಬಾವಿ. ಕಾಲು ಜಾರಿತು ಅಂದರು ಆ ಮನೆಯವರು. ನಾಲ್ಕು ಜನ ಹಿರೀಕರು ಕೂತರು, ಮಾತಾಡಿದರು, ಎದ್ದರು. ಅಷ್ಟೇ, ಒಂದು ಜೀವದ ಕತೆ ಮುಗಿಯಿತು!

ಅಜ್ಜಿ ಸಿನಿಮಾದ ವಿಷಯದಲ್ಲಿ ಮಾತು ಬದಲಾಯಿಸಿದ್ದು ಆಗಲೇ. ದೊಡ್ಡವ್ವನ ಹೆಸರೆತ್ತುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅದಕ್ಕೇ ಸಿನಿಮಾದ ಹೆಂಡತಿಯನ್ನು ಹಿಡಕೊಂಡು ಕಿತ್ತಾಡುತ್ತಿದ್ದರು. ಇದನ್ನೆಲ್ಲ ಅವ್ವ ನಂಗೆ ಹೇಳಿದ್ದು ನಾನು ಕಾಲೇಜು ಸೇರಿದ ಮೇಲೆ. ಆಮೇಲೆ ಆ ಜಗಳ ಕೇಳಿದರೆ ಸಿಟ್ಟು ಬರುತ್ತಿರಲಿಲ್ಲ, ನಾನೂ ಮೊರದ ಪಕ್ಕ ಕೂತು ಕಾಯಿ ಸುಲಿಯುತ್ತಿದ್ದೆ.

ತೊಂಬತ್ತರ ದಶಕದ ನಡುವೆ, ಒಂದು ಭಾನುವಾರ ಸಂಜೆ ಟೀವಿಯಲ್ಲಿ ಅದೇ ಸಿನಿಮಾ ಬರುತ್ತದೆ ಅಂತ ಗೊತ್ತಾಯಿತು. ಅವ್ವ ಹಟ ಹಿಡಿದು ಅಜ್ಜಿಯನ್ನು ಕರೆಸಿದಳು. "ಬಾ, ಇವತ್ತು ಇತ್ಯರ್ಥ ಆಗೋಗ್ಲಿ." ಅಜ್ಜಿ "ನಂಗ್ಯಾಕವ್ವ ಬೇಕು ಅದು" ಅಂತ ಗೊಣಗಿಕೊಂಡೇ ಬಂದು ಗೋಡೆಗೆ ಒರಗಿ ಕೂತಳು. ಕಿಟಕಿ ಮುಚ್ಚಿದ್ದರೂ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಒಳಗೆಲ್ಲ ತುಂಬಿತ್ತು. ನನ್ನನ್ನು ಕೇಳಿದರೆ ಸಿನಿಮಾ ಅಂಥ ಚೆನ್ನಾಗೇನೂ ಇರಲಿಲ್ಲ. ಪತ್ತೇದಾರ ಆಡಿದ ಮಾತಿಗಿಂತ ಬಿಟ್ಟ ಹೊಗೆಯೇ ಜಾಸ್ತಿ. ಆದರೆ ಆ ಬಾವಿ ತೋರಿಸಿದಾಗೆಲ್ಲ ನಾನು ಪರದೆ ಬಿಟ್ಟು ಅಜ್ಜಿಯನ್ನೇ ನೋಡುತ್ತಿದ್ದೆ. ಎಲೆಗೆ ಸುಣ್ಣ ಸವರಿಕೊಂಡವಳು ಅದನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದಿದ್ದಳು.

ಕೊನೇ ರೀಲು ಬಂತು. ಪತ್ತೇದಾರ ಟೋಪಿ ತೆಗೆದು ಎಲ್ಲರ ಮುಂದೆ ಹೇಳಿದ: ಯಾರೂ ತಳ್ಳಿಲ್ಲ. ಪಾಚಿ ಕಟ್ಟಿದ ಕಲ್ಲು, ಮುಸ್ಸಂಜೆ, ಹೆಂಡತಿ ಕಾಲು ಜಾರಿ ಬಿದ್ದಳು. ಗಂಡ ಕೈ ಚಾಚಿದ್ದು ಹಿಡಿಯೋಕೆ.

"ಥೂ, ಇವರ ಮನೆ ಹಾಳಾಗ!" ಅಂತ ಅವ್ವ ಎದ್ದು ಟೀವಿ ಆರಿಸಿದಳು. ವಾತಾವರಣ ತಿಳಿಯಾಗಲಿ ಅಂತ ನಾನು, "ಅಜ್ಜಿ, ನೀನೇ ಗೆದ್ದೆ ಬುಡು" ಅಂದೆ.

ಅಜ್ಜಿ ಆರಿದ ಟೀವಿಯನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಮೆಲ್ಲಗೆ ಅಂದಳು: "ಅದು ಸಿನಿಮಾ ಕಣ್ಮಗ. ಅದ್ರಲ್ಲಿ ಜಾರಿರ್ಬೋದು. ನನ್ ಮಗ್ಳು ಜಾರ್ನಿಲ್ಲ. ಬಾವಿಕಟ್ಟೆ ಮ್ಯಾಲೇ ಆಡ್ಕಂಡು ಬೆಳ್ದೋಳು ಅವ್ಳು. ಅವ್ನೇ ತಳ್ದ. ಅವತ್ತು ಮಡ್ಲಕ್ಕಿ ಒಲ್ಲೆ ಅಂತ ಸೆರಗೇ ಒಡ್ನಿಲ್ಲ ಕಣವ್ವ ಅವ್ಳು. ನಾನೇ ಸೆರಗ ಎಳ್ದು ತುಂಬ್ದೆ."

ಇದೊಂದು ಮಾತನ್ನು ಅಜ್ಜಿಯ ಬಾಯಿಂದ ಹೊರಡಿಸೋಕೆ ಅವ್ವ ಇಷ್ಟು ವರ್ಷ ಜಗಳವಾಡಿದ್ದಳು. ಈಗ ಅವಳೇ ಓಡಿ ಬಂದು ಅಜ್ಜಿಯ ಎರಡೂ ಕೈ ಹಿಡಕೊಂಡಳು. "ಇಲ್ಲ ಕಣವ್ವ. ಅಕ್ಕ ಜಾರೇ ಬಿದ್ದಿದ್ದು. ಈಗ ನೋಡ್ನಿಲ್ವ ನೀನು? ಅಂಗೇ ಆಗಿರದು."

ಅಜ್ಜಿ ಕೈ ಬಿಡಿಸಿಕೊಂಡಳು. ಬಾಡಿದ ಎಲೆಯನ್ನು ನೆಲದ ಮೇಲಿಟ್ಟಳು.

"ಬುಡವ್ವ, ನೀನೂ ಸುರು ಮಾಡ್ಬ್ಯಾಡ. ಇಷ್ಟ್ ವರ್ಸ ನಾನೇಳಿದ್ ಸುಳ್ಳೇ ಸಾಕು."