ಅತ್ತಿಗೆಯ ಕನಸಿಗೆ ಹಲ್ಲಣ್ಣನ ಅಳತೆ

ಹಲ್ಲಣ್ಣ ಇದುವರೆಗೆ ಮಾಡಿಕೊಟ್ಟ ಹಲ್ಲುಸೆಟ್ಟುಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಭೂಮಿಯನ್ನು ಎರಡು ಸುತ್ತು ಕಚ್ಚಬಹುದು. ಇದು ಹೆಚ್ಚಾಯಿತು ಅನ್ನುವವರು ಒಂದೂವರೆ ಸುತ್ತು ಎಂದಿಟ್ಟುಕೊಳ್ಳಲಿ. ಅದಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ. ನನ್ನ ಬಾಯಲ್ಲಿರುವುದೂ ಅವನ ಕೈಕೆಲಸವೇ.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದೆ ಒಂದೇ ಕಿಟಕಿಯ ಕೋಣೆ ಅವನದು. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಪ್ಲಾಸ್ಟರಿನ ದವಡೆಗಳು. ಏನೋ ಹೇಳಲು ಬಾಯಿ ತೆರೆದು, ಏನೆಂಬುದನ್ನು ಮರೆತವರಂತೆ ಸಾಲಾಗಿ ಕೂತಿರುತ್ತವೆ. ಸ್ಪಿರಿಟ್ ದೀಪದ ಮೇಲೆ ಚಾಕು ಕಾಯಿಸಿ ಮೇಣ ತಿದ್ದುವ ಕೆಲಸದ ನಡುವೆ ಬಿಡುವು ಸಿಕ್ಕರೆ, ಡಾಕ್ಟರು ಕಳಿಸಿದ ಆರ್ಡರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬಿಡಿಸುವುದು ಅವನ ಚಟ. ಒಮ್ಮೆ ಅವನು ಬರೆದ ಬೆಕ್ಕನ್ನು ನೋಡಿ ಆ ಬೀದಿಯ ಇಲಿಗಳೆಲ್ಲ ಸಂಸಾರ ಸಮೇತ ಮನೆ ಬದಲಿಸಿದವು.

ಮನೆ ಬದಲಿಸಿದ ಮಾತು ಬಂತಲ್ಲ, ಕಥೆ ಶುರುವಾದದ್ದೂ ಅಲ್ಲಿಂದಲೇ.

ಅವನ ಹೆಂಡತಿ, ನಮಗೆಲ್ಲ ಅತ್ತಿಗೆ, ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ನಿವೃತ್ತರಾದವರು. ನಲವತ್ತು ವರ್ಷದಿಂದ ಅವರಿಗೆ ಒಂದೇ ಕನಸು, ವಾರಕ್ಕೊಮ್ಮೆ ತಪ್ಪದೆ. ಅಲೆಯಿಲ್ಲದ ನೀರು. ನೀರಿನ ನಡುವಿನಿಂದ ಎದ್ದ ಮೆಟ್ಟಿಲುಗಳು. ಹತ್ತುತ್ತ ಹೋದಂತೆ ಮಂಜು. ತುದಿಯಲ್ಲಿ ಮುಚ್ಚಿದ ಬಾಗಿಲು, ಅದರಾಚೆ ಯಾರೋ ಮೆಲ್ಲಗೆ ಗುನುಗುವ ಸದ್ದು. ಚಿಲಕಕ್ಕೆ ಕೈಯಿಟ್ಟರೆ ಸಾಕು, ಎಚ್ಚರ. ದಂಪತಿ ಹೊಸ ಮನೆಗೆ, ಮೂರನೇ ಮಹಡಿಗೆ ಬಂದ ದಿನದಿಂದ ಆ ಕನಸು ಬರುವುದು ನಿಂತಿತು.

"ಅದಕ್ಕೆ ಹೊಸ ವಿಳಾಸ ಕೊಡೋದೇ ಮರೆತುಬಿಟ್ವಿ ಕಣ್ರೀ," ಎಂದು ಅತ್ತಿಗೆ ಮೊದಮೊದಲು ನಗುತ್ತಿದ್ದರು. ಎಂಟು ತಿಂಗಳಾದ ಮೇಲೆ ನಗು ನಿಂತಿತು. "ಇನ್ನೊಂದೇ ಒಂದು ಸಲ ಬಂದಿದ್ರೆ ಬಾಗಿಲು ತೆಗೆದೇಬಿಡ್ತಿದ್ದೆ. ಒಳಗೆ ಯಾರಿದ್ರು ಅಂತ ಗೊತ್ತಾಗದೇ ಹೋಯ್ತಲ್ಲ," ಎಂದು ಕಿಟಕಿಯ ಬಳಿ ಕೂತುಬಿಡುತ್ತಿದ್ದರು. ಊರವರ ಬಾಯಿಗೆಲ್ಲ ಕಳೆದದ್ದನ್ನು ಮರಳಿ ಕೊಟ್ಟವನು ಹಲ್ಲಣ್ಣ. ಮನೆಯವಳದೊಂದು ಕನಸು ಕಳೆದರೆ ಸುಮ್ಮನಿರುತ್ತಾನೆಯೇ? ಆದರೆ ಮಂಜು ಬರೆಯುವುದು ಅವನ ಪೆನ್ಸಿಲಿಗೆ ಒಗ್ಗಲಿಲ್ಲ. ಬರೆದದ್ದೆಲ್ಲ ಹತ್ತಿಯ ಮೂಟೆಯಾಯಿತು.

ಮಗಳು ಬಂದವಳು ಅವನ ಕಂಪ್ಯೂಟರಿಗೆ ಚಿತ್ರ ಬಿಡಿಸುವ ಎಐ ಹಾಕಿಕೊಟ್ಟಳು. "ಏನು ಬೇಕೋ ಅದನ್ನ ಬರಿ ಅಪ್ಪ, ಅದು ಬಿಡಿಸುತ್ತೆ. ಕನ್ನಡದಲ್ಲೇ ಬರಿ, ಅರ್ಥ ಆಗುತ್ತೆ."

ಹಲ್ಲಣ್ಣ ಬರೆದ. ಆದರೆ ಜೀವನದಲ್ಲಿ ಅವನು ಓದಿದ್ದು, ಬರೆದದ್ದು ಆರ್ಡರು ಚೀಟಿಯೊಂದೇ. ಬೆರಳು ತಾನಾಗಿ ಅದೇ ದಾರಿ ಹಿಡಿಯಿತು: 'ಮೆಟ್ಟಿಲು. ಮೇಲಿನ ಸಾಲು ಹದಿನಾಲ್ಕು. ಬಣ್ಣ ತುಸು ಹಳದಿ ಕೂಡಿದ ಬಿಳಿ, ಅತಿ ಹೊಳಪು ಬೇಡ. ಬುಡದಲ್ಲಿ ವಸಡಿನ ಗುಲಾಬಿ.'

ನಿಮಿಷದೊಳಗೆ ಪರದೆಯ ಮೇಲೆ ಸಮುದ್ರದಿಂದ ಒಂದು ದವಡೆ ಎದ್ದು ನಿಂತಿತು. ಆನೆ ಕೂಡ ಆರಾಮವಾಗಿ ಹತ್ತಬಹುದಾದ ಹದಿನಾಲ್ಕು ಹಲ್ಲುಗಳು.

ಅತ್ತಿಗೆ ಕನ್ನಡಕ ಸರಿಮಾಡಿಕೊಂಡು ನೋಡಿದರು. "ನಲವತ್ತು ವರ್ಷ ನನ್ನ ಕನಸೊಂದ್ರಲ್ಲಾದ್ರೂ ಹಲ್ಲಿರಲಿಲ್ಲ. ಅಲ್ಲಿಗೂ ತಂದ್ರಾ?"

"ಕೆಲಸ ಅಚ್ಚುಕಟ್ಟಾಗಿದೆ ನೋಡೇ. ಕೋರೆಹಲ್ಲಿನ ಓರೆ ಎಷ್ಟು ಸರಿಯಾಗಿ ಬಂದಿದೆ!"

"ಹಾಗಾದ್ರೆ ಅದನ್ನೇ ಇಟ್ಕೊಂಡು ಮಲಗಿ."

ಮುಂದಿನ ಹದಿನೈದು ದಿನ ಅವನು ಬರೆದು ಬರೆದು ಕಂಪ್ಯೂಟರಿಗೇ ತೂಕಡಿಕೆ ಬರಿಸಿದ. ಹಲ್ಲು ಹೋಗಿ ಕಲ್ಲು ಬಂತು, ನೀರು ಬಂತು. ಮಂಜು ಬಂದ ದಿನ, ಸುಳ್ಳಲ್ಲ, ಅವರ ಮನೆ ಕಿಟಕಿಯ ಗಾಜು ಒಳಗಿನಿಂದ ಒದ್ದೆಯಾಗಿತ್ತು. ಆದರೆ ಬಾಗಿಲೊಂದು ಮಾತು ಕೇಳಲಿಲ್ಲ. ಮುಚ್ಚಿರಲಿ ಎಂದರೂ ತೆರೆದುಕೊಳ್ಳುತ್ತಿತ್ತು. ಒಳಗೆ ಒಂದು ದಿನ ಹೂದೋಟ, ಒಂದು ದಿನ ಚಿನ್ನದ ಕುರ್ಚಿ, ಇನ್ನೊಂದು ದಿನ ವೀಣೆ ಹಿಡಿದ, ಆರು ಬೆರಳಿನ ಸುಂದರಿ.

"ಮುಚ್ಚಿಬಿಡಿ, ಮುಚ್ಚಿಬಿಡಿ!" ಎಂದು ಅತ್ತಿಗೆ ಅಂಗೈಯಿಂದ ಪರದೆಯನ್ನೇ ಮುಚ್ಚಿದರು. ಅವರ ಕಣ್ಣು ತುಂಬಿತ್ತು. "ಹೀಗೇ ನೋಡ್ತಾ ಹೋದ್ರೆ ನನ್ನ ಬಾಗಿಲಿನ ಹಿಂದೆ ಈ ವೀಣೆ ಸುಂದರಿನೇ ಕೂತುಬಿಡ್ತಾಳೆ. ಇದು ಯಾರ ಕನಸೋ. ಇದನ್ನ ನೋಡಿ ನೋಡಿ ನಂದು ಅಳಿಸಿಹೋಗ್ತಿದೆ ರೀ."

ಹಲ್ಲಣ್ಣ ಅಂದು ಕೆಲಸದ ಕೋಣೆಗೆ ಹೋಗಿ ಬಹಳ ಹೊತ್ತು ದವಡೆಗಳ ಮುಂದೆ ಕೂತ. ಹಲ್ಲು ಕಟ್ಟಿಸಿಕೊಳ್ಳಲು ಬಂದ ಯಾರಿಗೂ ತನಗೆಂಥದು ಬೇಕೆಂದು ಹೇಳಲು ಬರುವುದಿಲ್ಲ. ಎಲ್ಲಿ ಚುಚ್ಚುತ್ತದೆ ಎಂದು ಮಾತ್ರ ಹೇಳಬಲ್ಲರು. ಅದಕ್ಕೇ ಮೊದಲು ಮೇಣದಲ್ಲಿ ಜೋಡಿಸಿ ಬಾಯಿಗಿಟ್ಟು, ಬಣ್ಣದ ಕಾಗದ ಕಚ್ಚಿಸುತ್ತಾರೆ. ತಾಗಿದಲ್ಲಿ ಕೆಂಪು ಗುರುತು ಬೀಳುತ್ತದೆ. ಅಷ್ಟನ್ನೇ ತಿದ್ದಬೇಕು.

ಮರುದಿನ ಮಧ್ಯಾಹ್ನ ಅವನು ಹದಿನೈದು ದಿನದ ಚಿತ್ರಗಳಲ್ಲಿ ಒಂದನ್ನು ಆರಿಸಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದ. ಚಿತ್ರದಲ್ಲಿನ ಬಾಗಿಲಿನ ಮೇಲೆ ಬಿಳಿ ಕಾಗದ ಅಂಟಿಸಿ, ಅತ್ತಿಗೆಯ ಕೈಗೆ ಕೆಂಪು ಪೆನ್ಸಿಲ್ ಕೊಟ್ಟ.

"ಚೆನ್ನಾಗಿದೆಯಾ ಅಂತ ಕೇಳಲ್ಲ. ಎಲ್ಲಿ ಚುಚ್ಚುತ್ತೆ, ಅಷ್ಟು ಹೇಳು."

"ಇಲ್ಲಿ. ನೀರು ಇಷ್ಟು ನೀಲಿ ಇರಲಿಲ್ಲ. ಅಕ್ಕಿ ತೊಳೆದ ನೀರಿನ ಹಾಗಿತ್ತು."

"ಆಮೇಲೆ?"

"ಮೆಟ್ಟಿಲು ಇಷ್ಟು ನೆಟ್ಟಗಿಲ್ಲ. ಮಧ್ಯ ಸವೆದು ಬಟ್ಟಲಾಗಿತ್ತು. ನನಗಿಂತ ಮೊದಲು ಬಹಳ ಜನ ಹತ್ತಿದ್ರೋ ಏನೋ." ಅತ್ತಿಗೆ ಕೆಂಪು ಪೆನ್ಸಿಲಿನ ತುದಿಯಿಂದ ಮೆಟ್ಟಿಲು ಎಣಿಸಿ ಗುರುತು ಹಾಕಿ, "ಏಳನೇದು ಅಲುಗಾಡ್ತಿತ್ತು. ಅಯ್ಯೋ, ಇದು ನನಗೇ ಮರೆತುಹೋಗಿತ್ತು!"

ಮೂರು ಮಧ್ಯಾಹ್ನ ಹೀಗೇ ಕಳೆದವು. ಹಾಳೆಗೆ ಸಿಡುಬು ಎದ್ದಂತಾಯಿತು. ಕೊನೆಗೆ ಹಲ್ಲಣ್ಣ ಅದರ ಮೇಲೆ ತೆಳುಕಾಗದ ಹರಡಿ, ಎಐ ಬಿಡಿಸಿದ ಗೆರೆಗಳನ್ನೆಲ್ಲ ಬಿಟ್ಟು, ಕೆಂಪು ಬಿದ್ದ ಜಾಗಗಳನ್ನು ಮಾತ್ರ ಹಿಡಿದು ಬರೆದ. ಮಂಜು ಇರಬೇಕಾದಲ್ಲಿ ಏನನ್ನೂ ಬರೆಯಲಿಲ್ಲ. ಕಾಗದದ ಬಿಳಿಯೇ ಮಂಜಾಯಿತು. ತುದಿಯಲ್ಲಿ ಅತ್ತಿಗೆ ಹೇಳಿದ ಎತ್ತರಕ್ಕೆ ಚಿಲಕವಿಟ್ಟು ಬಾಗಿಲು ಮುಚ್ಚಿದ.

ಅತ್ತಿಗೆ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ನೋಡಿದರು. ಹೊರಗೆ ಬೀದಿಯಲ್ಲಿ ಬಸ್ಸುಗಳ ಸದ್ದು ದೂರ ದೂರ ಹೋಯಿತು.

"ಇಷ್ಟು ಸಾಕು," ಎಂದರು. "ಮುಂದಿಂದು ನಾನೇ ನೋಡ್ಕೋತೀನಿ."

ಹಾಗೆಂದವರು ಕುರ್ಚಿಯಲ್ಲೇ ನಿದ್ದೆಹೋದರು. ಹಲ್ಲಣ್ಣ ಫ್ಯಾನಿನ ಕಿರ್ರೆನ್ನುವ ಸದ್ದಿಗೆ ಹೆದರಿ ಅದನ್ನೂ ಆರಿಸಿ, ಉಸಿರನ್ನು ಕಂತಿನಲ್ಲಿ ಬಿಡುತ್ತ ಎದುರಿಗೆ ಕೂತ. ಮುಕ್ಕಾಲು ಗಂಟೆ ಕಳೆದು ಅತ್ತಿಗೆಯ ಬಲಗೈ ಮಡಿಲಿನಿಂದ ಎದ್ದು, ಗಾಳಿಯಲ್ಲಿ ಏನನ್ನೋ ಹಿಡಿದು, ಮೆಲ್ಲಗೆ ತಿರುಗಿಸಿತು. ಆಮೇಲೂ ಬಹಳ ಹೊತ್ತು ಅವರು ಏಳಲಿಲ್ಲ.

ಎದ್ದಾಗ ಮುಖ ಬೆವೆತಿತ್ತು.

"ಬಂತಾ?" ಎಂದ ಹಲ್ಲಣ್ಣ.

"ಬಂತು. ತೆಗೆದೆ."

"ಒಳಗೆ ಯಾರೇ ಇದ್ದದ್ದು?"

"ಯಾರೂ ಇಲ್ಲ ರೀ. ಇನ್ನೊಂದು ಮೆಟ್ಟಿಲಿದೆ. ಗುನುಗೋದು ಅದರ ಮೇಲಿಂದ ಕೇಳ್ತಾ ಇದೆ."

"ಹತ್ತಬೇಕಾಗಿತ್ತು!"

"ಹತ್ತೋಣ ಅಂತಲೇ ಕಾಲಿಟ್ಟೆ. ಮಂಡಿ ಹಿಡ್ಕೊಂಡ್ತು," ಎಂದು ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡರು. "ಹೋಗ್ಲಿ ಬಿಡಿ, ಬಾಗಿಲು ತೆಗೆದಿಟ್ಟೇ ಬಂದಿದ್ದೀನಿ. ಮುಂದಿನ ವಾರ ನೋಡೋಣ."