ಮೂರು ಹೆಸರಿನ ಪಾಲಿಸಿ

ಹೈದರಾಬಾದಿನ ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯೊಂದರಲ್ಲಿ ಹದಿನಾರು ವರ್ಷ ಆಪರೇಟರ್ ಆಗಿದ್ದ ನನ್ನನ್ನು ಗಣಪತಿ ಹಬ್ಬದ ಹೊತ್ತಿಗೆ ಶಿಫ್ಟ್ ಸೂಪರ್‌ವೈಸರ್ ಮಾಡಿದರು. ಸಂಬಳ ಒಂದಿಷ್ಟು ಏರಿತು. ಏರಿದ ಸಂಬಳ ಕಾರ್ಮಿಕರ ವಿಮೆಯ ಮಿತಿಯನ್ನು ದಾಟಿದ್ದರಿಂದ, ನನಗೆ, ಹೆಂಡತಿಗೆ, ಇಬ್ಬರು ಮಕ್ಕಳಿಗೆ, ಹೀಗೆ ನಾಲ್ವರಿಗೂ ಪುಕ್ಕಟೆ ಚಿಕಿತ್ಸೆ ಕೊಡುತ್ತಿದ್ದ ಕಾರ್ಡು ದಸರೆಯ ವೇಳೆಗೆ ರದ್ದಾಯಿತು. ರಾಜ್ಯ ಸರ್ಕಾರ ಬಡವರಿಗೆ ಕೊಡುವ ಆರೋಗ್ಯ ಕಾರ್ಡನ್ನು ಕೇಳಲು ಹೋದರೆ ನಾವು ಬಡವರಲ್ಲವಂತೆ. ಖಾಸಗಿ ಆಸ್ಪತ್ರೆಯ ಕೌಂಟರಿನ ಮುಂದೆ ನಿಂತರೆ ನಾವು ಶ್ರೀಮಂತರೂ ಅಲ್ಲ. ಹೀಗೆ ಎರಡಕ್ಕೂ ಸಲ್ಲದವರಾಗಿ ಕೂಕಟ್‌ಪಲ್ಲಿಯ ಬಾಡಿಗೆ ಮನೆಯಲ್ಲಿ ಉಳಿದೆವು.

ನಿಜ ಹೇಳಬೇಕೆಂದರೆ ನನಗೆ ಅದರ ಚಿಂತೆಯೇ ಇರಲಿಲ್ಲ. ಸೂಪರ್‌ವೈಸರ್ ಆದ ಹುಮ್ಮಸ್ಸು ತಲೆಗೇರಿತ್ತು. ನಾವು ಬಾಗಲಕೋಟೆ ಕಡೆಯವರು, ಜೋಳದ ರೊಟ್ಟಿ ತಿಂದು ಬೆಳೆದವರು, ನಮಗೆಲ್ಲಿಯ ರೋಗ ಎಂದು ಕ್ಯಾಂಟೀನಿನಲ್ಲಿ ಎದೆ ತಟ್ಟಿ ಹೇಳುತ್ತಿದ್ದೆ. ವಿಮೆ ಮಾಡಿಸು ಎಂದು ಬುದ್ಧಿ ಹೇಳಿದವರಿಗೆ ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದೆ. ಆ ಮುಂದಿನ ತಿಂಗಳು ನಮ್ಮ ಮನೆಗೆ ಬರಲೇ ಇಲ್ಲ.

ಜನವರಿಯಲ್ಲಿ ಇದ್ದಕ್ಕಿದ್ದಂತೆ ಹೆಂಡತಿ ವಿಮೆಯ ಮಾತು ಹಿಡಿದಳು. ಆಕೆ ಹಟ ಮಾಡುವವಳಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ಇಂಥದೇ ಸೀರೆ ಬೇಕು ಎಂದು ಕೇಳಿದವಳೂ ಅಲ್ಲ. ಅಂಥವಳು ನಾಂಪಲ್ಲಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ನುಮಾಯಿಷ್ ಪ್ರದರ್ಶನಕ್ಕೆ ಹೋದಾಗ ಬಳೆ ಅಂಗಡಿ, ಉಪ್ಪಿನಕಾಯಿ ಅಂಗಡಿಗಳನ್ನೆಲ್ಲ ದಾಟಿ ಹೋಗಿ ವಿಮೆ ಕಂಪನಿಯೊಂದರ ಮಳಿಗೆಯ ಮುಂದೆ ನಿಂತುಬಿಟ್ಟಳು. ಅಲ್ಲಿ ಕೊಟ್ಟ ಕಾಗದವನ್ನು ಬೆಳಕಿಗೆ ಹಿಡಿದು ಓದತೊಡಗಿದಳು.

"ಇವತ್ತ ಮಾಡಿಸಿಬಿಡೂಣಲ್ರಿ, ಹೆಂಗೂ ಬಂದೀವಿ" ಅಂದಳು.

"ಏ, ಮಿರ್ಚಿ ಭಜಿ ಆರಿ ತಣ್ಣಗಾಗತಾವು, ನಡಿ. ನಿನಗೇನ ಆಗೈತಿ? ಗುಂಡಕಲ್ಲು ಇದ್ದಂಗ ಇದ್ದಿ" ಎಂದು ನಾನು ಆಕೆಯ ಕೈ ಹಿಡಿದು ಎಳೆದುಕೊಂಡು ಹೋದೆ. ಮಕ್ಕಳು ನಕ್ಕರು. ಆಕೆಯೂ ನಕ್ಕಳು ಎಂದೇ ನನ್ನ ನೆನಪು.

ಅಲ್ಲಿಂದ ಮುಂದೆ ವಾರಕ್ಕೆರಡು ಸಲವಾದರೂ ಅದೇ ಮಾತು. ಡಬ್ಬಿ ಕಟ್ಟಿಕೊಡುವಾಗ ಒಮ್ಮೆ, ಬಟ್ಟೆ ಮಡಚುವಾಗ ಒಮ್ಮೆ. ನನಗೆ ರೇಗಿಹೋಗುತ್ತಿತ್ತು. "ನೀ ಏನು ಏಜೆಂಟ್ ಆಗೀಯೇನು? ಕಮಿಷನ್ ಎಷ್ಟು?" ಎಂದು ಮಕ್ಕಳ ಮುಂದೆಯೇ ಗೇಲಿ ಮಾಡಿದೆ. ಕೊನೆಗೆ ಯುಗಾದಿ ಮುಗಿದ ಮೇಲೆ, ಕಾಟ ತಪ್ಪಲಿ ಎಂದು, ಪರಿಚಯದ ಏಜೆಂಟರೊಬ್ಬರನ್ನು ಭಾನುವಾರ ಮನೆಗೆ ಕರೆದೆ.

ಅವರು ವಿಜಯಪುರ ಕಡೆಯವರು, ಐವತ್ತು ದಾಟಿದವರು, ಒಳ್ಳೆಯ ಮಾತುಗಾರರು. ಲ್ಯಾಪ್‌ಟಾಪ್ ತೆರೆದು, ಹತ್ತಾರು ಕಂಪನಿಗಳ ಪಾಲಿಸಿಗಳನ್ನು ಒಂದೇ ಕಡೆ ಇಟ್ಟು ತೋರಿಸುವ ಪುಟವೊಂದನ್ನು ನನ್ನ ಮುಂದಿಟ್ಟರು. ಸಂತೆಯಲ್ಲಿ ಬದನೆಕಾಯಿ ಆರಿಸಿದಂತೆ ಇಬ್ಬರೂ ಆರಿಸಿ, ನಮ್ಮ ಕೈಗೆಟುಕುವ ಒಂದನ್ನು ಹಿಡಿದೆವು. ಮನೆಯ ನಾಲ್ವರಿಗೂ ಸೇರಿ ಒಂದೇ ಪಾಲಿಸಿ. ಹೆಂಡತಿ ಅವಲಕ್ಕಿ, ಚಹಾ ತಂದಿಟ್ಟು ಒಳಗೆ ಹೋದಳು. ನಮ್ಮ ಕಡೆ ಹಾಗೆಯೇ. ಹೊರಗಿನ ಗಂಡಸರು ಬಂದು ಕಾಗದಪತ್ರದ ಮಾತು ನಡೆಯುವಾಗ ಹೆಂಗಸರು ಅಡುಗೆಮನೆಯ ಬಾಗಿಲಿನಿಂದ ಈಚೆ ನಿಲ್ಲುವುದಿಲ್ಲ. ಹೈದರಾಬಾದಿಗೆ ಬಂದು ಇಷ್ಟು ವರ್ಷವಾದರೂ, ಮೆಟ್ರೋದಲ್ಲಿ ಒಬ್ಬಳೇ ಓಡಾಡುವವಳು ಮನೆಯೊಳಗೆ ಆ ರೂಢಿಯನ್ನು ಬಿಟ್ಟಿರಲಿಲ್ಲ. ಬಿಡು ಎಂದು ನಾನೂ ಹೇಳಿರಲಿಲ್ಲ.

ಹೆಸರು, ವಯಸ್ಸು, ಎತ್ತರ, ತೂಕ ಮುಗಿದವು. ಆಮೇಲೆ ರೋಗಗಳ ಪಟ್ಟಿ ಶುರುವಾಯಿತು. ಏಜೆಂಟರು ಒಂದೊಂದೇ ಓದಿದರು, ನಾನು ಚಹಾ ಗುಟುಕರಿಸುತ್ತ ಉತ್ತರ ಕೊಟ್ಟೆ.

"ಶುಗರ್ ಐತೇನ್ರಿ?"

"ಯಾರಿಗೂ ಇಲ್ರಿ."

"ಬೀಪಿ?"

"ಇಲ್ರಿ."

ನನ್ನದಾಯಿತು, ಮಕ್ಕಳದಾಯಿತು. ಹೆಂಡತಿಯ ಪುಟ ಬಂದಾಗ ಏಜೆಂಟರು ಸ್ವಲ್ಪ ದನಿ ತಗ್ಗಿಸಿ, ನನ್ನ ಮುಖ ನೋಡದೆ ಓದಿದರು. ಗರ್ಭಕೋಶದ ತೊಂದರೆ? ಇಲ್ರಿ. ಎದೆಯಲ್ಲಿ ಗಂಟು, ಗಡ್ಡೆ, ನೋವು? ಅವರ ಮುಜುಗರ ಕಂಡು ನಾನೇ ಅವಸರ ಮಾಡಿ, "ಇಲ್ರಿ, ಇಲ್ರಿ, ಎಲ್ಲಾದಕ್ಕೂ ಇಲ್ಲ ಅಂತ ಒತ್ತರಿ" ಅಂದೆ. ಕಾರ್ಖಾನೆಯಲ್ಲಿ ಕಣ್ಣಾರೆ ನೋಡದೆ ಯಾವ ಬ್ಯಾಚಿನ ಹಾಳೆಗೂ ಸಹಿ ಹಾಕುವವನಲ್ಲ ನಾನು. ಅದಕ್ಕಾಗಿಯೇ ಬಡ್ತಿ ಕೊಟ್ಟದ್ದು. ಅಂಥವನು ಹತ್ತು ಹೆಜ್ಜೆ ದೂರದಲ್ಲಿದ್ದ ಹೆಂಡತಿಯನ್ನು ಒಂದು ಮಾತು ಕೇಳದೆ ಆಕೆಯ ದೇಹದ ಬಗ್ಗೆ ಅಷ್ಟೂ ಉತ್ತರ ಬರೆಸಿದೆ.

ಕೊನೆಯಲ್ಲಿ ಏಜೆಂಟರು ಗಂಟಲು ಸರಿಮಾಡಿಕೊಂಡು, "ಇದೊಂದು ಕೇಳಿಸಿಕೊಳ್ರಿ ಸಾಹೇಬ್ರ, ಆಮ್ಯಾಲೆ ನನಗ ಅನ್ನಬ್ಯಾಡ್ರಿ" ಎಂದು ವಿವರಿಸಿದರು. ಒಬ್ಬರ ವಿಷಯದಲ್ಲಿ ರೋಗ ಮುಚ್ಚಿಟ್ಟದ್ದು ಮುಂದೆ ಗೊತ್ತಾದರೂ ಕಂಪನಿ ಇಡೀ ಪಾಲಿಸಿಯನ್ನೇ ರದ್ದು ಮಾಡಬಹುದು, ನಾಲ್ವರದ್ದೂ ಹೋಗಬಹುದು. ನಾನು ತಲೆಯಾಡಿಸಿದೆ. ಅವರ ಬೆರಳು ಕೊನೆಯ ಗುಂಡಿಯ ಮೇಲಿತ್ತು.

"ಅಣ್ಣಾರ, ಸ್ವಲ್ಪ ನಿಲ್ಲಿಸ್ರಿ."

ಹೆಂಡತಿ ಅಡುಗೆಮನೆಯಿಂದ ಬಂದು ನಮ್ಮ ಟೀಪಾಯಿಯ ಹತ್ತಿರ ನಿಂತಿದ್ದಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು.

"ಎದೀದು ಕೇಳಿದ್ರಲ್ರಿ, ಅದಕ್ಕ ಐತಿ ಅಂತ ಬರೀರಿ. ಬಲಗಡೆ ಗಂಟೈತಿ."

ಏಜೆಂಟರು ಆಕೆಯ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಆಗ ನಾನು ಹೇಳಿದ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಎಷ್ಟು ದಿನದಿಂದ ಐತಿ ಎಂದು ಆಕೆಯನ್ನು ನಾನು ಕೇಳಲಿಲ್ಲ. ಏಜೆಂಟರ ಕಡೆ ತಿರುಗಿ, "ಅದನ್ನ ಬಿಟ್ಟು ಬರೀರಿ" ಅಂದುಬಿಟ್ಟೆ.

"ಬ್ಯಾಡ" ಅಂದಳು ಹೆಂಡತಿ. "ನಂದೊಂದರಿಂದ ಹುಡುಗರದೂ ಹೋಗತೈತಿ. ಈಗ ಓದಿದ್ರಲ್ಲ."

ಏಜೆಂಟರು ಲ್ಯಾಪ್‌ಟಾಪ್ ಮುಚ್ಚಿದರು. "ವೈನಿ, ಮೊದಲ ದವಾಖಾನಿಗೆ ಹೋಗ್ರಿ. ಉಳಿದದ್ದು ನಾ ಕಂಪನೀಯವರನ್ನ ಕೇಳತೀನಿ" ಎಂದು ಹೇಳಿ, ಅವಲಕ್ಕಿ ಮುಟ್ಟದೆ ಎದ್ದು ಹೋದರು.

ಬಾಗಿಲು ಹಾಕಿ ಬಂದು ನಾನು ಕೂಗಾಡಿದೆ. ಹೆದರಿದಾಗ ನನಗೆ ಬರುವುದು ಸಿಟ್ಟೇ. ಯಾವಾಗಿನಿಂದ, ಯಾಕೆ ಹೇಳಲಿಲ್ಲ, ನಾನೇನು ಸತ್ತಿದ್ದೆನೇ ಎಂದೆಲ್ಲ ಅಂದೆ. ಆಕೆ ನನ್ನ ಕೂಗು ಮುಗಿಯುವವರೆಗೂ ಕಾದಳು.

"ಸಂಕ್ರಮಣದ ದಿನ. ಎಳ್ಳು ಅರದು ಹಚ್ಚಿಕೊಳ್ಳುವಾಗ ಕೈಗೆ ಹತ್ತಿತು. ಕಡ್ಲಿಕಾಳಿನಷ್ಟಿತ್ತು."

"ಅವತ್ತ ಹೇಳಬೇಕಿತ್ತಲ್ಲ!"

"ಹೇಳಿ ಏನ ಮಾಡೂದ್ರಿ? ಕಾರ್ಡು ಹೋಗಿತ್ತು. ಮೊದಲ ಡಾಕ್ಟರಿಗೆ ತೋರಿಸಿದ್ರ ಅದು ಕಾಗದದಾಗ ಬರತೈತಿ, ಆಮ್ಯಾಲೆ ಯಾರೂ ವಿಮಾ ಕೊಡೂದಿಲ್ಲ ಅಂತ ಕೆಳಗಿನ ಮನಿಯಾಕಿ ಅಂದಳು. ಮೊದಲ ವಿಮಾ ಆಗಲಿ, ಒಂದೆರಡು ತಿಂಗಳು ಬಿಟ್ಟು ತೋರಸೂಣು ಅಂತ ಮಾಡಿದ್ದೆ. ನೀವು ಮಾಡಿಸಲೇ ಇಲ್ಲ."

ಸಂಕ್ರಮಣ ಅಂದರೆ ನುಮಾಯಿಷ್‌ಗೆ ಹೋಗುವುದಕ್ಕಿಂತ ಹತ್ತು ದಿನ ಮೊದಲು. ಅಂದರೆ ಆ ಮಳಿಗೆಯ ಮುಂದೆ ಕಾಗದವನ್ನು ಬೆಳಕಿಗೆ ಹಿಡಿದು ನಿಂತಾಗ ಆಕೆಗೆ ಗೊತ್ತಿತ್ತು. ಗುಂಡಕಲ್ಲು ಎಂದು ನಾನು ಎಳೆದಾಗ ಗೊತ್ತಿತ್ತು. ಕಮಿಷನ್ ಎಷ್ಟು ಎಂದು ಕೇಳಿದಾಗಲೂ ಗೊತ್ತಿತ್ತು. ಮೂರು ತಿಂಗಳು ಆಕೆ ತನ್ನ ಜೀವಕ್ಕಾಗಿ ನನ್ನನ್ನು ಕೇಳಿಕೊಂಡಿದ್ದಳು, ನಾನು ಅದನ್ನು ಹೆಂಗಸಿನ ಹಟ ಎಂದುಕೊಂಡಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುದಿನವೇ ಸರ್ಕಾರಿ ಆಸ್ಪತ್ರೆಗೆ ಹೋದೆವು. ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರು ಜೀವ ಕೈಯಲ್ಲಿ ಹಿಡಿದು ಕೂರುವುದು ಬೇಡ. ಅದು ಕ್ಯಾನ್ಸರೇ ಆಗಿತ್ತು. ಅಲ್ಲಿಯೇ ಆಪರೇಷನ್ ಆಯಿತು, ಕೂದಲು ಉದುರಿ ಮತ್ತೆ ಬರುತ್ತಿದೆ. ಇದನ್ನು ಬರೆಯುವಾಗ ಆಕೆ ಪಕ್ಕದ ಕೋಣೆಯಲ್ಲಿ ಮಗನಿಗೆ ಬೈಯುತ್ತಿದ್ದಾಳೆ. ಮೊದಲಿನಷ್ಟು ಗಟ್ಟಿ ದನಿಯಲ್ಲಿಲ್ಲ, ಆದರೆ ಬೈಯುತ್ತಿದ್ದಾಳೆ. ನನಗೆ ಅಷ್ಟು ಸಾಕು.

ಆದರೆ ನನ್ನನ್ನು ಇನ್ನೂ ಬಿಡದಿರುವುದು ಬೇರೆಯೇ ಒಂದು ದಿನ. ಸೂಜಿ ಚುಚ್ಚಿ ತೆಗೆದ ಪರೀಕ್ಷೆಯ ಫಲ ಬಂದ ದಿನ. ಡಾಕ್ಟರಮ್ಮ ತೆಲುಗಿನಲ್ಲಿ ಮೆತ್ತಗೆ ವಿಷಯ ತಿಳಿಸಿ, ಆಮೇಲೆ ಕೆಲವು ಪ್ರಶ್ನೆ ಕೇಳಿದರು. ತವರಿನಲ್ಲಿ ಯಾರಿಗಾದರೂ ಹೀಗೆ ಆಗಿತ್ತೇ?

"ನಮ್ಮ ಅವ್ವಗ ಆಗಿತ್ತು" ಅಂದಳು ಹೆಂಡತಿ.

ನಾನು ಗಕ್ಕನೆ ಆಕೆಯ ಕಡೆ ತಿರುಗಿದೆ. ನನ್ನ ಅತ್ತೆ ಜ್ವರ ಬಂದು ತೀರಿಕೊಂಡರು ಎಂದು ನಮ್ಮ ಮದುವೆಗೆ ಮೊದಲು ಅವರ ಮನೆಯವರು ಹೇಳಿದ್ದರು. ಹೆಣ್ಣುಮಕ್ಕಳ ಸಂಬಂಧ ತಪ್ಪಬಾರದೆಂದು ಹಾಗೆ ಹೇಳಿದ್ದರಂತೆ. ಹದಿನೆಂಟು ವರ್ಷ ಆಕೆ ಆ ಜ್ವರದ ಸುಳ್ಳನ್ನು ಕಾಪಾಡಿಕೊಂಡು ಬಂದಿದ್ದಳು. ಡಾಕ್ಟರಮ್ಮ ಕಾಗದದಲ್ಲಿ ಏನೋ ಬರೆದುಕೊಂಡು, "ಮಗಳಿದ್ದಾಳಾ? ವಯಸ್ಸೆಷ್ಟು?" ಎಂದು ಕೇಳಿದರು. ಹದಿನೇಳು ಎಂದೆವು. ಅವರು ಹೆಚ್ಚೇನೂ ಹೇಳಲಿಲ್ಲ, ಮುಂದೆ ಮಗಳನ್ನೂ ಆಗಾಗ ತೋರಿಸುತ್ತಿರಿ ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತಿದ್ದಾಗ ಏಜೆಂಟರ ಫೋನು ಬಂತು. ಕಂಪನಿಯವರು ಹೆಂಡತಿಯನ್ನು ಬಿಟ್ಟು ಉಳಿದ ಮೂವರಿಗೆ ಪಾಲಿಸಿ ಕೊಡಲು ಒಪ್ಪಿದ್ದಾರೆ, ಏನು ಮಾಡಲಿ ಎಂದು ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತು.

"ಆಕೀನ ಬಿಟ್ಟು ನನಗ ಯಾವ ಪಾಲಿಸೀನೂ ಬ್ಯಾಡ್ರಿ!" ಎಂದು ಕೂಗಿದೆ. ಸಾಲಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು.

ಹೆಂಡತಿ ನನ್ನ ಮೊಣಕೈ ಹಿಡಿದಳು. "ಹೂಂ ಅನ್ರಿ."

"ನೀ ಸುಮ್ನಿರು. ಇವರದೇನು ದೊಡ್ಡಸ್ತನ?"

"ಸಿಟ್ಟ ಆಮ್ಯಾಲೆ ಮಾಡ್ರಿ. ಡಾಕ್ಟರ್ ಕೇಳಿದ್ದು ನಿಮಗ ತಿಳೀಲಿಲ್ಲೇನು? ನಮ್ಮವ್ವಂದು ನನಗ ಬಂತು. ನಾಳೆ ಮಗಳಿಗೂ ಒಂದು ಗಂಟು ಬಂದ್ರ, ಆಕೀನೂ ನನ್ನಂಗ ಕಾರ್ಡಿನ ದಾರಿ ನೋಡಿಕೋತ ಕುಂದರಬೇಕೇನು? ಇವತ್ತ ಆಕಿಗೆ ಏನೂ ಇಲ್ಲ. ಖರೇನ ಇಲ್ಲ. ಇವತ್ತ ಬರಸ್ರಿ. ನನಗ ಆಗಿದ್ದನ್ನೂ ಅವರಿಗೆ ಹೇಳೇ ಬರಸ್ರಿ."

ತನಗೆ ಬಂದ ರೋಗದ ಹೆಸರು ಕೇಳಿ ಇನ್ನೂ ಕಾಲು ಗಂಟೆ ಆಗಿರಲಿಲ್ಲ ಆಕೆಗೆ. ನಾನು ಡಾಕ್ಟರಮ್ಮ ಹೇಳಿದ್ದನ್ನು ಏಜೆಂಟರಿಗೆ ತಿಳಿಸಿದೆ. ಅವರು, ಮೂವರಿಗೆ ಅದರಿಂದ ಅಡ್ಡಿ ಆಗಲಿಕ್ಕಿಲ್ಲ, ಹೆಸರುಗಳನ್ನು ಇನ್ನೊಮ್ಮೆ ಸರಿಯಾಗಿ ಹೇಳಿ ಎಂದರು. ನನ್ನದು ಹೇಳಿದೆ. ಮಗಳದು ಹೇಳಿದೆ. ಮಗನದು ಹೇಳಿದೆ.

"ಇಷ್ಟೇ ಹೌದಲ್ರಿ?" ಎಂದು ಅವರು ಕೇಳಿದರು.

ನಾನು ಹೆಂಡತಿಯ ಕಡೆ ನೋಡಿದೆ. ಆಕೆ ತಲೆಯಾಡಿಸಿದಳು.

"ಇಷ್ಟೇರಿ" ಅಂದೆ.