ಕಲಿತುಕೊಂಡ ನಗು

ಇವತ್ತು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಮಸಾಲಿ ಖಾರಕ್ಕೆ ಮೆಣಸಿನಕಾಯಿ ಹುರಿಯುತ್ತಿದ್ದರು. ಘಾಟು ಕಿಟಕಿಯಿಂದ ಒಳಗೆ ಬಂದದ್ದೇ ತಡ, ನಾನು ನಿಪ್ಪಾಣಿಯ ನಮ್ಮ ಅತ್ತೆಯ ಹಿತ್ತಲಿಗೆ ಹೋಗಿಬಿಟ್ಟೆ. ನೀವೂ ಬನ್ನಿ, ಕಣ್ಣು ಸ್ವಲ್ಪ ಉರಿದೀತು, ಅಷ್ಟೇ.

ಬೇಸಿಗೆ ಬಂತೆಂದರೆ ಆ ಹಿತ್ತಲಲ್ಲಿ ಓಣಿಯ ಹೆಂಗಸರೆಲ್ಲ ಸೇರುತ್ತಿದ್ದರು. ಒಬ್ಬರು ಕೊಬ್ಬರಿ ಹುರಿಯುವರು, ಒಬ್ಬರು ಕುಟ್ಟುವರು, ಎಲ್ಲರೂ ಒಟ್ಟಿಗೆ ಮರಾಠಿಯಲ್ಲಿ ಮಾತಾಡುವರು. ಪಾಲಬಾವಿಯಿಂದ ಸೊಸೆಯಾಗಿ ಬಂದ ನಾನು ಮೂಲೆಯಲ್ಲಿ ಕೂತು ತೊಟ್ಟು ಮುರಿಯುತ್ತಿದ್ದೆ. ಪಾಪ, ಅವಳಿಗೆ ಮರಾಠಿ ಬರುವುದಿಲ್ಲ ಎಂದು ಅತ್ತೆ ಎಲ್ಲರಿಗೂ ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ಮೊದಲ ವರ್ಷವೇ ನನಗೆ ಮರಾಠಿ ಬಂದುಬಿಟ್ಟಿತ್ತು. ಬಾರದಿದ್ದದ್ದು ಬೇರೆ: ನಾಲ್ಕು ಜನ ನಕ್ಕಾಗ ಯಾಕೆ ನಕ್ಕರು, ನಾನು ಯಾವಾಗ ನಗಬೇಕು ಎಂಬುದು. ಅದು ಕನ್ನಡದಲ್ಲೂ ಬರುತ್ತಿರಲಿಲ್ಲ. ಆದ್ದರಿಂದ ಭಾಷೆ ಬಾರದವಳಾಗಿಯೇ ಉಳಿದೆ. ಒಂದು ದಿನ ಕಾಯಿಪಲ್ಲೆ ಮಾರುವವಳ ಜೊತೆ ನಾನು ಸರಾಗವಾಗಿ ಮಾತಾಡಿದ್ದನ್ನು ಅತ್ತೆ ಕೇಳಿಸಿಕೊಂಡರು. ಅಂದಿನಿಂದ ನಾನು ಸೊಕ್ಕಿನವಳಾದೆ.

ಆಮೇಲೆ ಕಲಿಯಲು ಕೂತೆ. ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಎಲ್ಲರಿಗೂ ಬೇಕಾದವಳು. ಆಕೆ ಕುತ್ತಿಗೆ ಓರೆ ಮಾಡಿ, ಕಣ್ಣರಳಿಸಿ “ಅಯ್ಯ, ಹೌದೇನ್ರಿ” ಅನ್ನುವುದನ್ನು ಕನ್ನಡಿಯ ಮುಂದೆ ರೂಢಿ ಮಾಡಿಕೊಂಡೆ. ಬಹಳ ಉಪಯೋಗಕ್ಕೆ ಬಂತು. ಒಮ್ಮೆ ಭೋಜ ಎಂಬ ಊರಿನಲ್ಲಿ ಸತ್ತವರ ಮನೆಗೆ ಮಾತಾಡಿಸಲು ಹೋಗಿ ಅಲ್ಲಿಯೂ ಅದೇ ನಗೆಯೊಂದಿಗೆ ಅದೇ ಮಾತು ಅಂದೆನೆಂಬುದನ್ನು ಬಿಟ್ಟರೆ. ನಮ್ಮ ಮನೆಗೆ ಬಂದವರು ಎದ್ದುಹೋದ ಮೇಲೆಲ್ಲ ಜೋಳದ ಚೀಲಗಳಿದ್ದ ಕತ್ತಲೆ ಕೋಣೆಯಲ್ಲಿ ಕಿವಿ ಮುಚ್ಚಿಕೊಂಡು ಮಲಗುತ್ತಿದ್ದೆ. ನಮ್ಮವರು ಬಾಗಿಲಲ್ಲಿ ನಿಂತು ಒಂದು ಸಲ ಕೇಳಿದ್ದರು, “ನಾ ಅಂದ್ರ ನಿನಗ ಬ್ಯಾಸರೇನು?” ಇಲ್ಲ ಅಂದೆ. ಅವರು ಮತ್ತೆ ಕೇಳಲಿಲ್ಲ. ಇನ್ನೂ ಕೇಳಬಹುದಾಗಿದ್ದ ವಯಸ್ಸಿನಲ್ಲಿಯೇ ತೀರಿಕೊಂಡರು.

ಕೆಲವು ವರ್ಷಗಳ ನಂತರ ಅಕ್ಕನ ಮೊಮ್ಮಗಳನ್ನು ಬೆಳಗಾವಿಯ ಡಾಕ್ಟರಿಗೆ ತೋರಿಸಲು ಹೊರಟಾಗ ನಾನೂ ಜೊತೆಗೆ ಹೋದೆ. ಮಿಕ್ಸರ್ ಹಚ್ಚಿದರೆ ಕಿವಿ ಮುಚ್ಚುತ್ತಾಳೆಯೇ, ಮುಖ ನೋಡಿ ಮಾತಾಡುತ್ತಾಳೆಯೇ, ಆಡಿದ ಮಾತನ್ನೇ ಮತ್ತೆ ಮತ್ತೆ ಆಡುತ್ತಾಳೆಯೇ ಎಂದು ಡಾಕ್ಟರು ಹುಡುಗಿಯ ತಾಯಿಯನ್ನು ಕೇಳುತ್ತ ಹೋದರು. ಹಿಂದಿನ ಕುರ್ಚಿಯಲ್ಲಿ ಕೂತು ನಾನು ಮನಸ್ಸಿನಲ್ಲೇ ನನ್ನ ಉತ್ತರ ಕೊಡುತ್ತಿದ್ದೆ. ಅದಕ್ಕೆ ಆಟಿಸಂ ಅನ್ನುತ್ತಾರೆ ಎಂದರು. ಅರವತ್ತರ ಹತ್ತಿರ ಬಂದಿದ್ದ ನನಗೆ ಯಾರೋ ನನ್ನನ್ನು ಹೆಸರು ಹಿಡಿದು ಕರೆದಂತಾಯಿತು.

ಯಾರಿಗೂ ಹೇಳದೆ ಒಬ್ಬಳೇ ಬೇರೊಬ್ಬ ಡಾಕ್ಟರ ಹತ್ತಿರ ಹೋದೆ. ಅವರು ನಕ್ಕು, ಇದು ಮಕ್ಕಳಿಗೆ ಇರುವಂಥದ್ದು, ನೀವು ಸಂಸಾರ ಮಾಡಿದವರು ಎಂದು ನಿದ್ದೆಯ ಗುಳಿಗೆ ಕೊಟ್ಟರು. ನಾನೂ ನಕ್ಕೆ, ಅಭ್ಯಾಸಬಲ. ಮರುವರ್ಷ ಧೈರ್ಯ ಮಾಡಿ ಕೊಲ್ಲಾಪುರದ ಒಬ್ಬ ಮನಶ್ಶಾಸ್ತ್ರಜ್ಞೆಯ ಬಳಿಗೆ ಹೋದೆ. ಅಲ್ಲಿಯೂ ಕುತ್ತಿಗೆ ಓರೆ, ಕಣ್ಣರಳಿಸುವುದು, ಎಲ್ಲ. ಆಕೆ ಪೆನ್ನು ಕೆಳಗಿಟ್ಟು, ಇಷ್ಟು ಹೊತ್ತು ನಗುತ್ತ ಕೂತು ನಿಮಗೆ ದಣಿವಾಗಲಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದರು. ನನಗೆ ಅಳು ಬಂತು. ನಿಮ್ಮ ಬಾಲ್ಯ ಕಂಡವರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ ಎಂದರು.

ಇದ್ದವಳು ಅಕ್ಕ ಒಬ್ಬಳೇ. ಪಾಲಬಾವಿಗೆ ಹೋಗಿ ಕೇಳಿದೆ.

“ಈ ವಯಸ್ಸಿನ್ಯಾಗ ತಿಳಕೊಂಡು ಏನ್ ಮಾಡಾಕಿದ್ದಿ?” ಅಂದಳು.

“ಏನೂ ಮಾಡೂದಿಲ್ಲ. ತಿಳಕೋತೀನಿ.”

ಅಕ್ಕ ಬಂದಳು. ಆಕೆಗೆ ಮರಾಠಿ ಅಷ್ಟಕ್ಕಷ್ಟೇ. ಆಕೆಯ ಕನ್ನಡವನ್ನು ನಾನೇ ಮರಾಠಿಗೆ ತಿರುಗಿಸಿ ಹೇಳಬೇಕಾಯಿತು. ನಾನು ಮನೆಗೆ ಬಂದವರ ಮುಖ ನೋಡುತ್ತಿರಲಿಲ್ಲ, ಇವಳನ್ನು ಯಾರು ಮದುವೆಯಾಗುತ್ತಾರೆ ಎಂದು ಅವ್ವ ಅಳುತ್ತಿದ್ದಳು ಎಂದೆಲ್ಲ ಹೇಳಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದು, “ಮಂದಿ ಬಂದಾಗ ಹಿಂದ ಕುಂತು ಚಿವುಟತಿದ್ದೆ. ಮ್ಯಾಲ ನೋಡ್ಲಿ ಅಂತ. ಆಕಿ ಹೂಂ ಅನ್ನಲಿಲ್ಲ, ಹಾಂ ಅನ್ನಲಿಲ್ಲ” ಅಂದಳು. ನನಗೆ ಅದು ನೆನಪೇ ಇರಲಿಲ್ಲ. “ಇವರ ಅಕ್ಕ ಇವರನ್ನು ಚಿವುಟುತ್ತಿದ್ದಳಂತೆ” ಎಂದು ಯಾರದೋ ಸುದ್ದಿಯ ಹಾಗೆ ಮರಾಠಿಯಲ್ಲಿ ಹೇಳಿ ಮುಗಿಸಿದೆ.

ಹೌದು, ಇದು ಆಟಿಸಂ ಎಂದರು ಆ ಮನಶ್ಶಾಸ್ತ್ರಜ್ಞೆ. ಔಷಧ ಏನೂ ಇಲ್ಲ, ಬೇಕಾಗಿಯೂ ಇಲ್ಲ. ಬಸ್ಸಿನಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡಳು. ನನಗೆ ಯಾರಾದರೂ ಮುಟ್ಟಿದರೆ ಆಗದೆಂದು ನೆನಪಾಗಿ ಬಿಟ್ಟಳು. ಹೊರಗೆ ಕಬ್ಬಿನ ಹೊಲಗಳು ಹಿಂದೆ ಸರಿಯುತ್ತಿದ್ದವು. ಈ ಸುದ್ದಿಯನ್ನು ಯಾರಿಗೆ ಹೇಳಬೇಕಾಗಿತ್ತೋ, ಬಾಗಿಲಲ್ಲಿ ನಿಂತು ಕೇಳಿದ್ದ ಆ ಮನುಷ್ಯ ಈಗ ಇಲ್ಲ, ಉಳಿದವರಿಗೆ ಹೇಳಿ ಏನಾಗಬೇಕು ಎಂದುಕೊಂಡೆ.

ಇದನ್ನು ಬರೆಯುತ್ತಿರುವಾಗಲೇ ಎದುರು ಮನೆಯ ಸೊಸೆ ಬಂದು ಕೂಸಿನ ತೊಟ್ಟಿಲು ಹಾಕುವ ಶಾಸ್ತ್ರಕ್ಕೆ ಕರೆದಳು. ಗದ್ದಲ ನನಗೆ ಆಗುವುದಿಲ್ಲ, ಮರುದಿನ ಬಂದು ಕೂಸನ್ನು ನೋಡುತ್ತೇನೆ ಅಂದೆ. ಆಕೆ ನನ್ನ ಮುಖದಲ್ಲಿ ಏನನ್ನೋ ಹುಡುಕಿದಳು. ಆ ನಗುವನ್ನು ನಾನು ಕೊಡಲಿಲ್ಲ. “ಆತು ಬಿಡ್ರಿ” ಎಂದು ಮೆಲ್ಲಗೆ ಮೆಟ್ಟಿಲಿಳಿದಳು. ಮುಂದಿನ ಸಲ ಕರೆಯಲಿಕ್ಕಿಲ್ಲ.

ಬಾಗಿಲು ಹಾಕಿ ಚಹ ಹಿಡಿದು ನೆಲದ ಮೇಲೆ ಕೂತೆ. ಯಾರೂ ಇಲ್ಲದಾಗಲೂ ಯಾರೋ ನೋಡುತ್ತಿದ್ದಾರೆ ಎಂಬಂತೆಯೇ ನಾನು ಇಷ್ಟು ವರ್ಷ ಕೂತದ್ದು. ಇವತ್ತು ಮೈ ತನಗೆ ಬೇಕಾದಂತೆ ಹಿಂದೆ ಮುಂದೆ ತೂಗತೊಡಗಿತು. ತಡೆಯಲಿಲ್ಲ. ಚಹ ಆರಿಹೋಗುವವರೆಗೂ ಹಾಗೇ ತೂಗುತ್ತ ಕೂತಿದ್ದೆ.